ಗಡ್ಡೆಯ ನೆಲಕ್ಕೆ ಅಳತೆ ಎಲ್ಲಿಂದ?

ಜಮೀನಿನ ಅಳತೆ ಎಂದರೆ ಪಹಣಿಯಲ್ಲಿರುವ ಎಕರೆ-ಗುಂಟೆ, ಕ್ರಯಪತ್ರದಲ್ಲಿರುವ ಚಕ್ಕುಬಂದಿ, ಇಷ್ಟೇ ಎಂದು ಬಹಳ ಜನ ನಂಬಿದ್ದಾರೆ. ಗುಂಟೆಗೆ 1,089 ಚದರ ಅಡಿ, ಎಕರೆಗೆ 40 ಗುಂಟೆ. ಈ ಲೆಕ್ಕ ಹೇಳುವುದು ಯಾರಿಗೆ ಎಷ್ಟು ನೆಲ ಎಂಬುದನ್ನು ಮಾತ್ರ. ಆ ನೆಲದ ಮೇಲೆ ಏನು ಕಟ್ಟಬಹುದು ಎಂಬುದನ್ನು ವಲಯ ನಿಯಮಗಳು ಹೇಳುತ್ತವೆ. ಅವು ನಿವೇಶನದ ಉದ್ದಗಲ, ಮುಂದಿನ ರಸ್ತೆಯ ಅಗಲ, ಸುತ್ತ ಬಿಡಬೇಕಾದ ಖಾಲಿ ಜಾಗ ಎಲ್ಲವನ್ನೂ ನೋಡುತ್ತವೆ. ಇವಕ್ಕೂ ಮೊದಲು ಕೇಳಬೇಕಾದದ್ದು, ನಮ್ಮ ಸರ್ವೆ ನಂಬರ್ ಯಾವ ಗೆರೆಯೊಳಗೆ ಬಿದ್ದಿದೆ ಎಂಬುದು. ವಿರೂಪಾಪುರಗಡ್ಡೆಯ ವ್ಯಾಜ್ಯದ ತಿರುಳು ಅದೇ.

ಹಂಪಿಯ ಎದುರಿಗೆ ತುಂಗಭದ್ರೆಯ ನಡುವಿರುವ ಈ ಗಡ್ಡೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದು. ಇಲ್ಲಿ ಹೊಲಗಳ ನಡುವೆ ರೆಸಾರ್ಟ್, ಹೋಟೆಲುಗಳು ಎದ್ದಿದ್ದವು. ರಾಜ್ಯದ ಪ್ರಾಚೀನ ಸ್ಮಾರಕಗಳ 1961ರ ಕಾಯ್ದೆಯಡಿ ಹೊರಡಿಸಿದ 1988ರ ಅಧಿಸೂಚನೆ ಹೆಸರಿಸಿದ ಸ್ಮಾರಕಗಳನ್ನಷ್ಟೇ ಕಾಯುತ್ತದೆ, ನಮ್ಮ ಹೊಲಗಳನ್ನಲ್ಲ ಎಂದು ಮಾಲೀಕರು ವಾದಿಸಿದರು. 2015ರಲ್ಲಿ ಹೈಕೋರ್ಟ್, 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಈ ವಾದ ಒಪ್ಪಲಿಲ್ಲ. ಗಡ್ಡೆಯೂ ಸಂರಕ್ಷಿತ ಪ್ರದೇಶವೇ ಎಂದವು. ಮಾರ್ಚ್‌ನಲ್ಲಿ ಕಟ್ಟಡಗಳು ನೆಲಸಮವಾದವು. ಸ್ಮಾರಕಗಳ ಕುರಿತ ಕೇಂದ್ರದ ಕಾಯ್ದೆಯಲ್ಲೂ ಇಂಥದೇ ಸೂಕ್ಷ್ಮವಿದೆ: ಕಟ್ಟಡಕ್ಕೆ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎನ್ನುವಾಗ ಟೇಪು ಹಿಡಿಯಬೇಕಾದದ್ದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಅಂಚಿನಿಂದ.

ಪಟ್ಟಾ ಜಮೀನಿನಲ್ಲಿ ಗುಡಿಸಲು ಹಾಕಲಿಕ್ಕೂ ಸರ್ಕಾರವನ್ನು ಕೇಳಬೇಕೆ ಎಂಬ ಆಕ್ಷೇಪ ಸಹಜ. ಆದರೆ ಸಂರಕ್ಷಿತ ಪ್ರದೇಶದಲ್ಲಿ ಮಾಲೀಕನೂ ಸೇರಿದಂತೆ ಯಾರೂ ಅನುಮತಿಯಿಲ್ಲದೆ ಕಟ್ಟದಂತೆ ರಾಜ್ಯದ 1961ರ ಕಾಯ್ದೆಯ 20ನೇ ಕಲಂ ತಡೆಯುತ್ತದೆ. ನೆಲವನ್ನು ಆಳಕ್ಕೆ ಅಗೆಯದ ಉಳುಮೆಗೆ ಮಾತ್ರ ಅಡ್ಡಿಯಿಲ್ಲ. ಒಡೆತನ ಉಳಿಯುತ್ತದೆ, ಕಟ್ಟುವ ಸ್ವಾತಂತ್ರ್ಯಕ್ಕೆ ಮಿತಿ ಬೀಳುತ್ತದೆ. ಇನ್ನೊಂದು ಆಕ್ಷೇಪಕ್ಕೆ ನನ್ನ ಪೂರ್ಣ ಸಹಮತವಿದೆ: ವರ್ಷಗಟ್ಟಲೆ ಕಟ್ಟಡ ಏಳುವುದನ್ನು ನೋಡುತ್ತ ಕೂತ ಆಡಳಿತ, ಕೊನೆಗೆ ಜೆಸಿಬಿ ತಂದು ನಿಲ್ಲಿಸುವುದು ನ್ಯಾಯವೆ? ಅಧಿಸೂಚನೆ ರಾಜ್ಯಪತ್ರದಲ್ಲಿ ಮಲಗಿದ್ದರೆ ಸಾಲದು. ಅದರ ಗೆರೆ ಸರ್ವೆ ನಂಬರುಗಳ ಸಮೇತ ಪಂಚಾಯಿತಿಯ ಗೋಡೆಯ ಮೇಲೂ, ಕಲ್ಲು ನೆಟ್ಟು ಹೊಲದ ಬದುವಿನ ಮೇಲೂ ಕಾಣಬೇಕು. ಇದು ಸರ್ಕಾರದ ಹೊಣೆ. ಆದರೆ ಆಡಳಿತದ ಉದಾಸೀನ ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವುದಿಲ್ಲ. ನಷ್ಟ ಕಟ್ಟಿದವರ ತಲೆಗೇ ಬರುತ್ತದೆ.

ಹಾಗಾಗಿ ಹಂಪಿ ಸುತ್ತಿನ ಹಳ್ಳಿಗಳಲ್ಲಿ ಜಾಗ ಕೊಳ್ಳುವವರು ಪಹಣಿ ನೋಡಿ ಸುಮ್ಮನಾಗಬಾರದು. ಸರ್ವೆ ನಂಬರಿನ ಒಂದು ಭಾಗ ಕೊಳ್ಳುವುದಾದರೆ ಆ ಭಾಗವನ್ನು ಗುರುತಿಸುವ 11ಇ ನಕ್ಷೆ ಕೇಳಿ. ಗಡಿಯ ಬಗ್ಗೆ ಅನುಮಾನವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಕೃಷಿ ಜಮೀನಿನಲ್ಲಿ ಬೇರೆ ಉದ್ದೇಶಕ್ಕೆ ಕಟ್ಟಲು ಸಾಮಾನ್ಯವಾಗಿ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಭೂ ಪರಿವರ್ತನೆ ಬೇಕು. ಪಂಚಾಯಿತಿಯ ಪರವಾನಗಿ ಒಂದರಿಂದಲೇ ಉಳಿದ ಅನುಮತಿಗಳು ಸಿಕ್ಕಂತಾಗುವುದಿಲ್ಲ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಸರ್ವೆ ನಂಬರ್ ಬರೆದು, ಅದು ಯಾವ ವಲಯದಲ್ಲಿದೆ ಎಂದು ಲಿಖಿತ ಹಿಂಬರಹ ಕೇಳಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ವಲಯ ನಕ್ಷೆಯ ಪ್ರತಿಗೆ ಅರ್ಜಿ ಕೊಡಿ. ಅದಕ್ಕೆ 30 ದಿನಗಳೊಳಗೆ ಉತ್ತರಿಸಲೇಬೇಕು. ಕಾಗದ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.