ಅಜ್ಜಿ ಓದಲಿ, ಮೊಮ್ಮಗು ನೋಡಲಿ

ಅಜ್ಜಿ, ಮೊಮ್ಮಗಳು ಮಾಳಿಗೆಯ ಮೇಲೆ ಕೂತು ಸಂಡಿಗೆ ಕಾಯುತ್ತಾರೆ. ಕಥೆ ಅಷ್ಟೇ. ಅದನ್ನು ಚಿತ್ರಪುಸ್ತಕ ಮಾಡಲು ನನಗೆ ಎರಡು ವರ್ಷ ಹಿಡಿಯಿತು. ಆಗ ಕಲಿತ ಪಾಠಗಳಿವು.

1. ಮೊದಲು ಪುಟ ಎಣಿಸಿ. ದೊಡ್ಡ ಹಾಳೆಯನ್ನು ಮಡಿಚಿ ಪುಸ್ತಕ ಕಟ್ಟುವುದರಿಂದ ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 16, 24 ಇಲ್ಲವೇ 32 ಪುಟ. 32ರಲ್ಲೂ ಶೀರ್ಷಿಕೆ, ಪ್ರಕಾಶಕರ ವಿವರ ಕಳೆದರೆ ಕಥೆಗೆ ಸಿಗುವುದು ಹದಿಮೂರೋ ಹದಿನಾಲ್ಕೋ ಜೋಡಿಪುಟ.

2. ಚಿತ್ರದಲ್ಲಿ ಕಂಡದ್ದನ್ನು ಮತ್ತೆ ಬರೆಯಬೇಡಿ. ನನ್ನ ಮೊದಲ ಕರಡಿನಲ್ಲಿ 900 ಪದವಿತ್ತು. ಅಜ್ಜಿಯ ಹಳದಿ ಸೀರೆ, ಕಪ್ಪು ಕೊಡೆ ಎಲ್ಲವನ್ನೂ ವರ್ಣಿಸಿದ್ದೆ. ಪ್ರಥಮ್ ಬುಕ್ಸ್‌ನ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್ ಮೊದಲ ಹಂತದ ಓದುಗರಿಗೆ ಇಟ್ಟಿರುವ ಮಿತಿ ಸುಮಾರು 250 ಪದ. ಸೀರೆ, ಕೊಡೆ ಚಿತ್ರಕಾರರ ಪಾಲಿಗೆ ಹೋದ ಮೇಲೆ ನನಗೆ 210 ಸಾಕಾಯಿತು.

3. ಬೆರಗಿಗೆ ಅಡ್ಡ ನಿಲ್ಲಬೇಡಿ. ಬಿಸಿಲಿಗೆ ಮುದುಡಿದ ಸಂಡಿಗೆ ಕಾದ ಎಣ್ಣೆಯಲ್ಲಿ ಅರಳುತ್ತದೆ. ಒಳಗೆ ಉಳಿದ ತೇವ ಆವಿಯಾಗಿ ಉಬ್ಬಿಸುತ್ತದೆ. ಇದನ್ನು ಅಜ್ಜಿಯ ಬಾಯಲ್ಲಿ ಹೇಳಿಸಿದ್ದೆ. ಕರಡು ಕೇಳುತ್ತಿದ್ದ ಐದು ವರ್ಷದ ಹುಡುಗಿ ಆ ಹಾಳೆಯನ್ನು ತಾನೇ ಮಗುಚಿದಳು. ವಿವರಣೆ ತೆಗೆದೆವು. ಎರಡು ಪುಟದ ತುಂಬ ಬಾಣಲೆ, ಅರಳುವ ಸಂಡಿಗೆ, ಒಂದೂ ಮಾತಿಲ್ಲ. ಈ ಸಲ ಅವಳು ಕೇಳಿದಳು: “ಅದ್ಯಾಕೆ ದೊಡ್ಡದಾಯ್ತು?”

4. ಯಾರ ಅಜ್ಜಿ ಎಂದು ಕೇಳಿಕೊಳ್ಳಿ. ಮೊದಲ ಚಿತ್ರದಲ್ಲಿ ಬೆಳ್ಳಗಿನ ತುರುಬು, ಬಾಗಿದ ಬೆನ್ನು, ಊರುಗೋಲು. ಐದು ವರ್ಷದ ಮಗುವಿನ ಅಜ್ಜಿಗೆ ಐವತ್ತೈದೇ ಇರಬಹುದು. ಹಿಟ್ಟಿನ ಪಾತ್ರೆ ಹಿಡಿದು ಮಾಳಿಗೆ ಹತ್ತುವವಳಿಗೆ ಊರುಗೋಲು ಯಾಕೆ? ಕೋಲು ಮೊಮ್ಮಗಳ ಕೈಗೆ ಹೋಯಿತು, ಕಾಗೆ ಓಡಿಸಲಿಕ್ಕೆ.

5. ನಡುಮಡಿಕೆ ನೋಡಿಕೊಳ್ಳಿ. ಮಾದರಿ ಪ್ರತಿ ಬಂದಾಗ ಅಜ್ಜಿಯ ಮೂಗು ಎರಡು ಪುಟಗಳ ಸಂದಿಯಲ್ಲಿ ಹೂತುಹೋಗಿತ್ತು. ತಪ್ಪು ನನ್ನದೇ, ಬಿಡಿಹಾಳೆಗಳಲ್ಲೇ ನೋಡಿ ಒಪ್ಪಿದ್ದೆ.

6. ಅಕ್ಷರ ಅಜ್ಜಿಯ ಕಣ್ಣಿಗೂ ಆಗಬೇಕು. ಕನ್ನಡದ ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ. ಸಾಲುಗಳನ್ನು ಒತ್ತಾಗಿ ಕೂರಿಸಿದರೆ ‘ಅಜ್ಜಿ’ಯ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷ್ ಪುಸ್ತಕದ ಅಳತೆ ಇಲ್ಲಿ ನಡೆಯುವುದಿಲ್ಲ.

7. ಅಚ್ಚಿಗೆ ಮುಂಚೆ ಒಬ್ಬ ಅಜ್ಜಿಯ ಕೈಲಿ ಓದಿಸಿ. ಪಕ್ಕದ ಮನೆಯವರು ಮೂರನೇ ಪುಟಕ್ಕೇ ನಿಂತರು. “ನಮ್ಮಮ್ಮ ಸಂಡಿಗೆಗೆ ಬೂದುಗುಂಬಳಕಾಯಿ ತುರಿದು ಹಾಕೋಳು ಕಣೋ…” ಎಂದು ಶುರುವಾಯಿತು. ಮೊಮ್ಮಗ ಪುಸ್ತಕ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದ. ಅರ್ಧ ಗಂಟೆ ಹಾಳೆ ತಿರುಗಲಿಲ್ಲ.

ಆ ಪುಟವನ್ನು ನಾನು ಮತ್ತೆ ತಿದ್ದಲಿಲ್ಲ.