ಆಳು ಪೇಟೆಗೆ ಹೋದರೆ ಹೊಲದ ಗತಿ ಏನು?

"ಹೊಲ ಹದಕ್ಕೆ ಬಂದಿದೆ, ಆಳೇ ಸಿಗುವುದಿಲ್ಲ." ನಗರಗೆರೆ ಹೋಬಳಿಯ ರೈತರು ಮುಂಗಾರಿನಲ್ಲಿ ಹೇಳುವ ಮಾತಿದು. ಇದಕ್ಕೆ ಕೂಲಿಕಾರರ ಸೋಮಾರಿತನವನ್ನು ದೂರುವುದು ಸರಿಯಲ್ಲ. ಕಾರಣ ತಿಳಿದರೆ ಪರಿಹಾರವೂ ಕಂಡೀತು.

ವಲಸೆ ಏಕೆ?

ಮಳೆಯಾಶ್ರಯದ ರಾಗಿ, ಕಡಲೆಕಾಯಿ ಬೆಳೆಗಳಲ್ಲಿ ಬಿತ್ತನೆ, ಕಳೆ, ಕೊಯ್ಲುಗಳ ಕಾಲಕ್ಕಷ್ಟೇ ಹೆಚ್ಚು ಕೆಲಸ. ಉಳಿದ ತಿಂಗಳು ಕೈ ಖಾಲಿ. ದೊಡ್ಡಬಳ್ಳಾಪುರ, ಬೆಂಗಳೂರುಗಳ ಕಾರ್ಖಾನೆಗಳಲ್ಲಾದರೋ ತಿಂಗಳು ತಿಂಗಳೂ ಸಂಬಳ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಕಡೆಯೂ ಕೆಲಸ ಹೆಚ್ಚಿತು.

ಒಂದಕ್ಕೊಂದು ಕಾರಣ

ಕೆಲಸವಿದ್ದಲ್ಲಿಗೆ ಜನ ಹೋಗುತ್ತಾರೆ. ಜನ ಸೇರಿದಲ್ಲಿ ಮನೆ, ಅಂಗಡಿ, ವಾಹನ ಬೇಕಾಗಿ ಮತ್ತಷ್ಟು ಕೆಲಸ ಹುಟ್ಟುತ್ತದೆ. ಕೆಲಸ ಬಲ್ಲವರು ಸಿಗುವ ಊರನ್ನೇ ಹೊಸ ಉದ್ದಿಮೆದಾರನೂ ಹುಡುಕುತ್ತಾನೆ.

ನಮ್ಮ ಜಿಲ್ಲೆಯ ಶಿಡ್ಲಘಟ್ಟವನ್ನೇ ನೋಡಿ. ಗೂಡಿನ ಮಾರುಕಟ್ಟೆ ಇರುವುದರಿಂದ ನೂಲು ಬಿಚ್ಚುವವರು ಅಲ್ಲಿ ನೆಲೆಸಿದ್ದಾರೆ. ಅವರಿರುವುದರಿಂದ ಗೂಡಿಗೆ ಗಿರಾಕಿ ಉಂಟು. ಹಿಪ್ಪುನೇರಳೆ ವರ್ಷಕ್ಕೆ ಹಲವು ಬೆಳೆ ಕೊಡುವುದರಿಂದ ಸುತ್ತಿನ ಹಳ್ಳಿಗಳಲ್ಲಿ ಕೆಲಸ ಬೇಗ ನಿಲ್ಲುವುದಿಲ್ಲ.

ಈ ಚಕ್ರ ಹಿಂದಕ್ಕೂ ತಿರುಗುತ್ತದೆ. ಆಳಿಲ್ಲವೆಂದು ಒಬ್ಬರು ಹೊಲ ಬೀಳು ಬಿಟ್ಟರೆ, ಊರಿನಲ್ಲಿ ಉಳಿದಿದ್ದ ಕೂಲಿಕಾರನಿಗೂ ಕೆಲಸ ತಪ್ಪುತ್ತದೆ. ಅವನೂ ಬಸ್ಸು ಹತ್ತುತ್ತಾನೆ. ಮುಂದಿನ ವರ್ಷ ಪಕ್ಕದ ಹೊಲವೂ ಬೀಳು.

ರೈತರು ಏನು ಮಾಡಬಹುದು?

1. ರಾಗಿಯನ್ನು ಎರಚಬೇಡಿ. ಕೂರಿಗೆಯಿಂದ ಒಂದು ಅಡಿ ಅಂತರದ ಸಾಲಿನಲ್ಲಿ ಬಿತ್ತಿ, ಎಡೆಕುಂಟೆ ಹೊಡೆಯಿರಿ. ಕೈಕಳೆಗೆ ಆಳು ಕಡಿಮೆ ಸಾಕು. ಮೊದಲ ಐದು ವಾರ ಕಳೆ ಬೆಳೆಯಗೊಡಬೇಡಿ.

2. ನೀರಾವರಿ ಇದ್ದವರು ಹಿಪ್ಪುನೇರಳೆ ಬೆಳೆಸಿ, ಬೆಳೆದ ಹುಳುಗಳಿಗೆ ಸೊಪ್ಪು ಬಿಡಿಸಿ ಹಾಕುವ ಬದಲು ಕೊಂಬೆಯನ್ನೇ ಕೊಡಿ. ದಿನಕ್ಕೆ ಎರಡು ಮೂರು ಬಾರಿ ಕೊಟ್ಟರೆ ಸಾಕು, ಮನೆಯವರೇ ನಿಭಾಯಿಸಬಹುದು.

3. ಬಿತ್ತನೆ, ಕೊಯ್ಲುಗಳನ್ನು ಹಿಂದಿನಂತೆ ಮುಯ್ಯಾಳಿನಲ್ಲಿ ಮಾಡಿ. ಬಾಡಿಗೆ ಯಂತ್ರಗಳ ವಿಷಯವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ನಾಲ್ಕಾರು ರೈತರು ಒಟ್ಟಾಗಿ ತರಿಸಿದರೆ ಖರ್ಚು ಹಗುರ.

4. ಪೇಟೆಯಿಂದ ಮಕ್ಕಳು ಕಳಿಸಿದ ಹಣವನ್ನೆಲ್ಲ ಮತ್ತೊಂದು ಕೊಳವೆ ಬಾವಿಗೆ ಸುರಿಯಬೇಡಿ. ಬದು, ಕೃಷಿ ಹೊಂಡ, ಒಂದು ಕರೆಯುವ ಹಸು ಇವುಗಳಿಗೆ ಹಾಕಿ. ಬೇಸಿಗೆಯಲ್ಲೂ ಮನೆಯವರ ಕೈಗೆ ಕೆಲಸವಿರುತ್ತದೆ.

ಹೋಗುವವರನ್ನು ತಡೆಯಲಾಗದು, ತಡೆಯುವುದು ನ್ಯಾಯವೂ ಅಲ್ಲ. ಆದರೆ ಊರಿನಲ್ಲೇ ಇರಬಯಸುವವನಿಗೆ ವರ್ಷವಿಡೀ ಕೆಲಸ ಸಿಗುವಂತೆ ಬೆಳೆಯೋಜನೆ ಮಾಡುವುದು ನಮ್ಮ ಕೈಯಲ್ಲಿದೆ. ಮುಂಗಾರಿಗೆ ಮುನ್ನವೇ ನೆರೆಹೊರೆಯ ರೈತರೊಡನೆ ಕುಳಿತು ಇದನ್ನು ಚರ್ಚಿಸಿರಿ.