ಕಲ್ಲುಗುಪ್ಪೆಗಳಲ್ಲಿ ಲೋಳೆಸರದ ಬೇಸಾಯ: ಕಡೇಚೂರು ಸೀಮೆಯ ಮಡ್ಡಿ ಭೂಮಿಗೆ ತಕ್ಕ ಕ್ರಮ

ದೃಷ್ಟಿ ತಾಕದಿರಲೆಂದು ಮನೆಯ ತಲೆಬಾಗಿಲಿಗೆ ಲೋಳೆಸರದ ಗಿಡವನ್ನು ಬೇರು ಮೇಲಾಗಿ ಕಟ್ಟಿ ತೂಗಬಿಡುವ ವಾಡಿಕೆ ಕನ್ನಡ ತೆಲುಗು ನಾಡುಗಳ ಅನೇಕ ಊರುಗಳಲ್ಲಿ ಉಂಟು. ಮಣ್ಣಿಲ್ಲದೆ ನೀರಿಲ್ಲದೆ ಆ ಗಿಡವು ತಿಂಗಳುಗಟ್ಟಲೆ ಹಸಿರಾಗಿಯೇ ಇರುವುದಲ್ಲದೆ, ಕೆಲವೊಮ್ಮೆ ಸುಳಿಯನ್ನು ಮೇಲಕ್ಕೆ ತಿರುಗಿಸಿ ಹೊಸ ಎಲೆಯನ್ನೂ ಬಿಡುವುದು. ಅದೇ ಗಿಡವನ್ನು ಎರೆಮಣ್ಣಿನ ಮಡಿಯಲ್ಲಿ ನೆಟ್ಟು ದಿನವೂ ನೀರೆರೆದರೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬುಡ ಕೊಳೆತು ಬೀಳುವುದುಂಟು. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ಆಲೋಚಿಸಿದವರಿಗೆ ಈ ಸಸ್ಯದ ಬೇಸಾಯದ ಮುಕ್ಕಾಲು ಪಾಠ ತಿಳಿದಂತೆಯೇ ಸರಿ.

ಲೋಳೆಸರವು ಬಹುವಾರ್ಷಿಕ ಸಸ್ಯ. ಸಂಸ್ಕೃತದಲ್ಲಿ ಇದಕ್ಕೆ ಕುಮಾರಿಯೆಂದೂ, ಗಡಿಯ ತೆಲುಗರಲ್ಲಿ ಕಲಬಂದವೆಂದೂ, ಸಸ್ಯಶಾಸ್ತ್ರದಲ್ಲಿ ಅಲೋ ವೇರಾ ಎಂದೂ ಹೆಸರು. ಇದನ್ನು ಕತ್ತಾಳೆಯೆಂದು ತಿಳಿಯಕೂಡದು. ಕತ್ತಾಳೆಯ ಎಲೆ ನಾರಿನದು. ಅದು ಒಮ್ಮೆ ಹೂಗಂಬ ಬಿಟ್ಟು ಸಾಯುವುದು. ಲೋಳೆಸರದ ಎಲೆ ಲೋಳೆಯದು. ಅದು ಹೂಬಿಟ್ಟ ಮೇಲೆಯೂ ಬದುಕಿರುವುದು. ಉಳಿದ ಪೈರುಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಗಾಳಿಯನ್ನು ಸೇವಿಸುವಾಗ ಬಿಸಿಲಿಗೆ ಬಹಳ ನೀರನ್ನು ಕಳೆದುಕೊಳ್ಳುತ್ತವೆ. ಲೋಳೆಸರವಾದರೋ ಈ ಕೆಲಸವನ್ನು ರಾತ್ರಿಯ ತಂಪಿನಲ್ಲಿ ಮಾಡಿ, ಹಗಲೆಲ್ಲ ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ. ಮಾಡು ಒಣಗಿದರೂ ಗಿಡ ಒಣಗದಿರುವ ಗುಟ್ಟು ಇದೇ.

ಯಾದಗಿರಿಯ ಕೋಟೆಯ ಗುಡ್ಡ ಮೊದಲ್ಗೊಂಡು ಈ ಸೀಮೆಯಲ್ಲಿ ಕರಿಕಲ್ಲಿನ ಗುಡ್ಡಗಳೂ ಗುಂಡುಗಳೂ ಬೇಕಾದಷ್ಟಿವೆ. ಎರೆಯ ಹೊಲಗಳ ಪಕ್ಕದಲ್ಲಿಯೇ ಮಸಾರಿಯೂ ಗರಸಿನ ಮಡ್ಡಿಯೂ ಬರುವವು. ಮಸಾರಿ ಹೊಲಗಳಲ್ಲಿ ರೈತರು ವರ್ಷ ವರ್ಷವೂ ಕಲ್ಲಾರಿಸಿ ಬದುವಿನ ಮೂಲೆಗೆ ಹಾಕಿದ ಗುಪ್ಪೆಗಳು ತಲೆಮಾರುಗಳಿಂದ ಬಿದ್ದಿರುತ್ತವೆ. ಹಾವು ಚೇಳುಗಳಿಗಲ್ಲದೆ ಅವು ಯಾರಿಗೂ ಉಪಯೋಗವಿಲ್ಲ ಎಂಬುದು ಸಾಮಾನ್ಯ ಅಭಿಪ್ರಾಯ. ಈ ಅಭಿಪ್ರಾಯ ಪೂರ್ತಿ ಸರಿಯಲ್ಲ. ಮೂರು ಅಡಿ ಉದ್ದ, ಎರಡು ಅಡಿ ಅಗಲದ ಓರೆಗಲ್ಲಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 14 ಲೀಟರು ನೀರಾಗುವುದು. ಕಲ್ಲು ಅದನ್ನು ಕುಡಿಯುವುದಿಲ್ಲ. ಕೊಂಚ ಆರಿಹೋದರೂ ಉಳಿದುದೆಲ್ಲ ಕೆಳಗಿನ ಸಂದಿಗೆ ಇಳಿಯುವುದು. ಆ ಸಂದಿಯಲ್ಲಿ ಒಂದು ಬುಟ್ಟಿ ಮಣ್ಣಿದ್ದರೆ, ಆ ಮಣ್ಣಿಗೆ ತನ್ನ ಪಾಲಿನ ಮಳೆಗಿಂತ ಹಲವು ಪಟ್ಟು ನೀರು ದೊರೆತಂತಾಯಿತು. ಕಲ್ಲಿನ ಮುಚ್ಚಿಗೆಯ ಕೆಳಗಿನ ತೇವ ಬೇಗನೆ ಆರುವುದೂ ಇಲ್ಲ.

ಗುಪ್ಪೆಯನ್ನು ಸರಿಪಡಿಸುವ ಕೆಲಸವನ್ನು ಬೇಸಗೆಯಲ್ಲಿ, ಆಳುಗಳಿಗೆ ಬೇರೆ ಕೆಲಸವಿಲ್ಲದಾಗ, ಹಾರೆಯಿಂದ ಕಲ್ಲನ್ನೆಬ್ಬಿಸಿ ವಿಷಜಂತುಗಳನ್ನು ನೋಡಿಕೊಂಡು ಮಾಡಿಸತಕ್ಕದ್ದು. ದೊಡ್ಡ ಕಲ್ಲುಗಳನ್ನು ಕೆಳಗಿಟ್ಟು, ಪ್ರತಿ ಕಲ್ಲಿನ ಮೂರನೆಯ ಒಂದು ಪಾಲು ನೆಲದೊಳಗೆ ಹೂಳುವಂತೆ ಕೂರಿಸಿ, ಮೇಲ್ಮೈ ಹಿಂದಕ್ಕೆ, ಎಂದರೆ ಮಣ್ಣಿನ ಕಡೆಗೆ, ಓರೆಯಾಗುವಂತೆ ಇಡಬೇಕು. ಮುಂದಕ್ಕೆ ಓರೆಯಾದರೆ ನೀರು ಹೊರಗೆ ಹರಿದು ಮಣ್ಣನ್ನೂ ಕೊಚ್ಚಿಕೊಂಡು ಹೋಗುವುದು. ಸಂದಿಗಳಲ್ಲಿ ಒಂದಡಿ ಆಳದ ಮಣ್ಣು ಸಾಕು. ಲೋಳೆಸರದ ಬೇರು ಆಳಕ್ಕಿಳಿಯತಕ್ಕದ್ದಲ್ಲ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಹಳ್ಳದ ಮರಳು ಅಥವಾ ಸಣ್ಣ ಗರಸು, ಅರ್ಧ ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಇವಿಷ್ಟನ್ನು ಬೆರಸಿ ತುಂಬಬೇಕು. ಎರೆಮಣ್ಣನ್ನು ಮಾತ್ರ ಒಂದು ಬುಟ್ಟಿಯೂ ಬೆರಸಕೂಡದು. ಅದು ಮಳೆಗೆ ಉಬ್ಬಿ ನೀರು ಹಿಡಿದಿಡುವುದು, ಬಿಸಿಲಿಗೆ ಬಿರಿದು ಬೇರನ್ನು ಹರಿಯುವುದು. ಇನ್ನೊಂದು ತಪ್ಪು, ಮನೆಕಟ್ಟಿ ಉಳಿದ ಶಹಾಬಾದಿ ಹಾಸುಗಲ್ಲನ್ನು ಗುಪ್ಪೆಯ ತಳಕ್ಕೆ ಹಾಸುವುದು. ನೋಟಕ್ಕೆ ಅಚ್ಚುಕಟ್ಟಾದರೂ ಅದು ತಟ್ಟೆಯಂತೆ ನೀರನ್ನು ನಿಲ್ಲಿಸಿ ಗಿಡವನ್ನು ಕೊಲ್ಲುವುದು.

ನೆಡುವುದಕ್ಕೆ ಬೀಜ ಬೇಕಾಗಿಲ್ಲ. ತಾಯಿಗಿಡದ ಬುಡದಲ್ಲಿ ಏಳುವ ಮರಿಗಳೇ ಬೀಜ. ನಾಲ್ಕೈದು ಅಂಗುಲ ಎತ್ತರವಾಗಿ, ತನ್ನದೇ ಬೇರುಳ್ಳ ಮರಿಯನ್ನು ಹರಿತವಾದ ಕುಡುಗೋಲಿನಿಂದ ಬೇರ್ಪಡಿಸಿ, ಎರಡು ಮೂರು ದಿನ ನೆರಳಿನಲ್ಲಿ ಹಾಗೆಯೇ ಇಟ್ಟಿರಬೇಕು. ಕೊಯ್ದ ಗಾಯ ಒಣಗಿ ಮುಚ್ಚಿಕೊಳ್ಳುವುದಕ್ಕೆ ಈ ಅವಕಾಶ. ಹಸಿ ಗಾಯದೊಡನೆ ನೆಟ್ಟ ಮರಿಗಳೇ ಹೆಚ್ಚಾಗಿ ಕೊಳೆಯುವವು. ರೈತರು ಇದನ್ನು ಮರಿಯ ದೋಷವೆಂದು ತಿಳಿಯುವುದುಂಟು. ಮೃಗಶಿರಾ ಮಳೆ ಬಿದ್ದು ನೆಲ ತಣಿದ ಮೇಲೆ, ಆರಿದ್ರಾ ಪುನರ್ವಸುಗಳ ನಡುವೆ, ಒಂದೂವರೆ ಎರಡು ಅಡಿಗೊಂದರಂತೆ ನೆಡುವುದು ಒಳ್ಳೆಯದು. ಸುಳಿ ಮಣ್ಣಿನಲ್ಲಿ ಮುಚ್ಚಬಾರದು. ಎಳೆಯ ಗಿಡಗಳನ್ನು ಮೊದಲ ವರ್ಷ ಗುಪ್ಪೆಯ ಪೂರ್ವದ ಪಕ್ಕದಲ್ಲಿಡುವುದು ಲೇಸು. ಏಪ್ರಿಲ್ ಮೇ ತಿಂಗಳುಗಳಲ್ಲಿ ಪಡುವಣ ಬಿಸಿಲಿಗೆ ಕಾದ ಕಲ್ಲು ಎಳೆಯ ಎಲೆಯನ್ನು ಸುಡುವುದು.

ನೆಟ್ಟ ವಾರದಲ್ಲಿ ನೀರು ಕೊಡಬೇಡಿರಿ. ಆಮೇಲೆ ಮಳೆ ತಪ್ಪಿದರೆ ಹತ್ತು ಹದಿನೈದು ದಿನಕ್ಕೊಂದು ತಂಬಿಗೆ, ಬೇರೂರಿದ ಗಿಡಕ್ಕೆ ಕಡು ಬೇಸಗೆಯಲ್ಲಿ ಮೂರು ವಾರಕ್ಕೊಮ್ಮೆ ಒಂದು ತಂಬಿಗೆ, ಚಳಿಗಾಲದಲ್ಲಿ ಏನೂ ಬೇಡ. ಎಲೆ ತೆಳ್ಳಗಾಗಿ ಒಳಕ್ಕೆ ಮಡಿಚಿಕೊಂಡರೆ ಬಾಯಾರಿಕೆ. ಎಲೆ ಮೆತ್ತಗಾಗಿ ಬುಡ ಕಂದಿದರೆ ನೀರು ಹೆಚ್ಚಾಯಿತೆಂದು ತಿಳಿಯತಕ್ಕದ್ದು. ಬೇಸಗೆಯಲ್ಲಿ ಎಲೆಯು ಕೆಂಪು ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿಪಡಬೇಕಾಗಿಲ್ಲ. ಮಳೆ ಬಿದ್ದೊಡನೆ ಹಸಿರಾಗುವುದು. ಎಲೆಯ ಬುಡದಲ್ಲಿ ಬಿಳಿಯ ಹಿಟ್ಟುತಿಗಣೆ ಕಂಡರೆ ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿದರೆ ಸಾಕು. ಆಡು ಕುರಿಗಳು ಕಹಿಯ ದೆಸೆಯಿಂದ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲವಾದರೂ, ಎಳೆಯ ಗಿಡಗಳನ್ನು ತುಳಿದು ಹಾಳುಮಾಡುವುವಾದ್ದರಿಂದ ಮೊದಲ ವರ್ಷ ಮುಳ್ಳು ಹಚ್ಚುವುದು ಅವಶ್ಯ.

ಇಷ್ಟು ಸುಲಭವಾದ ಪೈರನ್ನು ಎಕರೆಗಟ್ಟಲೆ ಏಕೆ ಬೆಳೆಯಬಾರದು ಎಂದು ಜಮೀನುದಾರರು ಕೇಳುವುದು ಸಹಜ. ಇಲ್ಲಿಯೇ ಎಚ್ಚರಿಕೆ ಬೇಕಾದುದು. ಎರಡಡಿಗೊಂದರಂತೆ ನೆಟ್ಟರೆ ಎಕರೆಗೆ 10,890 ಮರಿಗಳು ಬೇಕು. ಮರಿಯೊಂದಕ್ಕೆ ಮೂರೇ ರೂಪಾಯಿ ಹಿಡಿದರೂ 32,670 ರೂಪಾಯಿ ಮಣ್ಣಿಗೆ ಬಿದ್ದಂತಾಯಿತು. ಮರಿಗಳನ್ನು ಮಾರುವವರು ಎಲೆಯನ್ನು ತಾವೇ ಕೊಳ್ಳುವೆವೆಂದು ಬಾಯಿಮಾತು ಕೊಡುವುದುಂಟು. ಲೋಳೆಯಲ್ಲಿ ನೂರಕ್ಕೆ 98 ಪಾಲಿಗಿಂತ ಹೆಚ್ಚು ನೀರೇ ಇರುವುದು. ಕೊಯ್ದ ಎಲೆ ಬೇಗನೆ ಕೆಡುವುದು. ಕಾರಖಾನೆ ಹತ್ತಿರವಿಲ್ಲದಿದ್ದರೆ ಬಾಡಿಗೆ ಕೊಟ್ಟು ನೀರನ್ನು ಸಾಗಿಸಿದಂತೆಯೇ. ಆದುದರಿಂದ ಕೊಳ್ಳುವವರ ಹೆಸರು, ದರ, ತೂಕ, ಹಣ ಸಲ್ಲಿಸುವ ದಿನ, ಇವೆಲ್ಲ ಬರಹದಲ್ಲಿ ಬಾರದೆ ಒಂದು ಗುಂಟೆಯನ್ನೂ ಹೂಡತಕ್ಕದ್ದಲ್ಲ. ತೊಗರಿಯೋ ಶೇಂಗಾವೋ ಬರುವ ಹೊಲವನ್ನು ಇದಕ್ಕಾಗಿ ಬಿಡುವುದಂತೂ ಅವಿವೇಕ.

ಊರಿನಲ್ಲಿಯೇ ಬೇಡಿ ತಂದ 20 ಮರಿಗಳನ್ನು ಒಂದು ಗುಪ್ಪೆಯಲ್ಲಿ ನೆಟ್ಟು, ಬಲಿತ ಮೇಲೆ ಗಿಡಕ್ಕೆ ವರ್ಷಕ್ಕೆ ಮೂರರಂತೆ ಮರಿ ತೆಗೆದರೂ 60 ಗಿಡಗಳು ಖರ್ಚಿಲ್ಲದೆ ದೊರೆಯುವವು. ಅವನ್ನು ಮುಂದಿನ ಗುಪ್ಪೆಗೂ, ಶಾಲೆಯ ಅಂಗಳದ ಕಲ್ಲುಕಟ್ಟೆಗೂ, ಮಡ್ಡಿಯ ಬದುವಿನ ಕೆಳಸಾಲಿಗೂ ಹಂಚಬಹುದು. ಸಂಶಯವಿದ್ದವರು ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.

ಎಲೆಯನ್ನು ಮನೆಯಲ್ಲಿ ಬಳಸುವವರು ಹೊರಸುತ್ತಿನ ಬಲಿತ ಎಲೆಯನ್ನು ಮಾತ್ರ ಬುಡಕ್ಕೆ ಕೊಯ್ದು, ಕೊಯ್ದ ತುದಿ ಕೆಳಗಾಗಿ ಕಾಲು ಗಂಟೆ ನಿಲ್ಲಿಸಿ, ಸೋರುವ ಹಳದಿ ರಸವನ್ನು ತೊಳೆದುಬಿಡಬೇಕು. ಈ ರಸವೇ ಒಣಗಿ ಕರಿಬೋಳವಾಗುವುದು. ಅದು ತೀಕ್ಷ್ಣವಾದ ಭೇದಿ ಪದಾರ್ಥವಾದ್ದರಿಂದ ಮಕ್ಕಳಿಗೂ ಬಸುರಿಯರಿಗೂ ವೈದ್ಯರನ್ನು ಕೇಳದೆ ಕೊಡಕೂಡದು. ಸಿಪ್ಪೆ ಸುಲಿದ ತಿಳಿ ಲೋಳೆಯನ್ನು ಬಿಸಿಲಿಗೆ ಬೆಂದ ಚರ್ಮಕ್ಕೆ ಹಚ್ಚಬಹುದು. ಒಂದು ಗಿಡದಿಂದ ಒಂದೇ ಸಲಕ್ಕೆ ಮೂರಕ್ಕಿಂತ ಹೆಚ್ಚು ಎಲೆಗಳನ್ನು ತೆಗೆಯಬೇಡಿರಿ. ನೆಟ್ಟು ವರ್ಷ ತುಂಬದ ಗಿಡದಿಂದ ಒಂದನ್ನೂ ತೆಗೆಯಬೇಡಿರಿ.